ವರ್ಷಕ್ಕೆ ಇಪ್ಪತ್ತು ನಿಮಿಷ

ಸುಳ್ಳು ಹೇಳುವುದರಲ್ಲಿ ನಾನೇನೂ ಹಿಂದೆ ಬಿದ್ದವಳಲ್ಲ. ದಿನಕ್ಕೆ ಎಷ್ಟು ಸಿಗರೇಟು ಅಂತ ಡಾಕ್ಟರು ಕೇಳಿದರೆ ಅರ್ಧ ಹೇಳುತ್ತೇನೆ. ನಾದಿನಿ ವಿವೀನಾ ಮಾಡುವ ಮೊಲದ ಸಾರು ಚೆನ್ನಾಗಿದೆ ಅಂತ ಮೂವತ್ತು ವರ್ಷದಿಂದ ಹೇಳಿಕೊಂಡು ಬಂದಿದ್ದೇನೆ. ಅದರಿಂದ ಯಾರ ಮನೆಯೂ ಹಾಳಾಗಿಲ್ಲ. ಆದರೆ ಹೋದ ವರ್ಷ, ಫೆಬ್ರುವರಿಯ ಕೊನೆಯ ಶನಿವಾರ, ಕಾಪೆಲ್‌ಬೆರ್ಗ್ ಬೆಟ್ಟದ ಮೇಲೆ ಮೌರಿಟ್ಸನಿಗೆ ಹೇಳಿದ ಒಂದು ಸುಳ್ಳು ಮಾತ್ರ ನನ್ನನ್ನು ಇಡೀ ವರ್ಷ ತಿಂದುಹಾಕಿತು.

ಮೊದಲು ನಾವು ಎಂಥ ಜನ ಅಂತ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಇದೇನು ದೊಡ್ಡ ವಿಷಯ ಅಂತ ನಗುತ್ತೀರಿ. ರಸ್ತೆ ಬದಿಯಲ್ಲಿ ಒಂದೇ ಕಡೆ ನಿಂತು, ಸೈಕಲ್ ಸವಾರರು ಸುಯ್ಯೆಂದು ಹೋದಮೇಲೆ ಮನೆಗೆ ಹೋಗಿ ಕಾಫಿ ಕುಡಿಯುವವರು ಇದ್ದಾರೆ. ಅವರನ್ನು ನಾವು ಲೆಕ್ಕಕ್ಕೇ ಹಿಡಿಯುವುದಿಲ್ಲ. ನಾವು ರೇಸಿನ ಬೆನ್ನು ಹತ್ತುವವರು. ಇನ್ನೂರು ಕಿಲೋಮೀಟರಿನ ದಾರಿಯಲ್ಲಿ ಒಂದು ಕಡೆ ಸವಾರರನ್ನು ನೋಡಬೇಕು, ಕೊನೆಯವನು ಹೋದ ಕೂಡಲೇ ಕಾರಿಗೆ ಓಡಬೇಕು, ಇನ್ನೂ ಮುಚ್ಚದ ಒಳದಾರಿಗಳಲ್ಲಿ ನುಗ್ಗಿ ಅವರಿಗಿಂತ ಮುಂಚೆ ಮುಂದಿನ ಜಾಗ ಸೇರಬೇಕು. ದಿನಕ್ಕೆ ಐದು ಸಲ ನೋಡಿದರೆ ಪರವಾಗಿಲ್ಲ. ಏಳು ಸಲ ನೋಡಿದೆ ಅನ್ನುವವನು ಒಂದೋ ಸುಳ್ಳ, ಇಲ್ಲವೇ ನನ್ನ ಗಂಡ.

ನನ್ನ ಗಂಡ ಎತಿಯೆನ್ ಅಂಚೆಯವನು. ಇಪ್ಪತ್ತೈದು ವರ್ಷ ಹಳ್ಳಿ ಹಳ್ಳಿ ಸುತ್ತಿ ಕಾಗದ ಹಂಚಿ, ಯಾವ ಹೊಲದ ಅಂಚಿನಲ್ಲಿ ಕಾರು ಹಾಯುತ್ತದೆ, ಯಾವ ರೈತ ಗೇಟಿಗೆ ಬೀಗ ಹಾಕುವುದಿಲ್ಲ, ಎಲ್ಲ ಅರೆದು ಕುಡಿದಿದ್ದ. ಕಾಪೆಲ್‌ಬೆರ್ಗ್ ಇಳಿದು ಹಳೆಯ ಇಟ್ಟಿಗೆ ಕಾರ್ಖಾನೆಯ ಹಿಂದೆ, ಹಂದಿ ಕೊಟ್ಟಿಗೆಯ ಪಕ್ಕದಲ್ಲಿ ಹಾಯ್ದರೆ ಒಂಬತ್ತು ನಿಮಿಷ ಉಳಿಯುತ್ತದೆ. ಈ ದಾರಿ ನಮ್ಮ ಮನೆಯ ಗುಟ್ಟು. ಆರು ವರ್ಷದ ಹಿಂದೆ ಆಸ್ಪತ್ರೆಯ ಮಂಚದ ಮೇಲೆ, ಮನೆಯ ಕಾಗದಪತ್ರ ಎಲ್ಲಿದೆ ಅಂತ ಹೇಳುವ ಮೊದಲು ಅವನು ಹೇಳಿದ್ದು, ಇಟ್ಟಿಗೆ ದಾರಿಯನ್ನು ಯಾರಿಗೂ ಬಿಟ್ಟುಕೊಡಬೇಡ ಅಂತ. ಮಾತು ಕೊಟ್ಟೆ. ಅವನು ಎರಡು ದಿನದ ಮೇಲೆ ತೀರಿಕೊಂಡ.

ಮುಂದೆ ಎಲ್ಲಿಗೆ ಅಂತ ಯಾರಾದರೂ ಕೇಳಿದರೆ ನಿಜ ಹೇಳುವ ಪದ್ಧತಿ ನಮ್ಮಲ್ಲಿ ಇಲ್ಲ. ಹೇಳಿದರೆ ಮುಂದಿನ ವರ್ಷ ಆ ದಾರಿಯಲ್ಲಿ ನಲವತ್ತು ಕಾರು ನಿಂತಿರುತ್ತವೆ. ಅದಕ್ಕೇ 'ಮೇರ್ಸ್‌ಹೂಕ್‌ಗೆ' ಅಂದುಬಿಡುತ್ತೇವೆ. ಮೇರ್ಸ್‌ಹೂಕ್ ಅಂದರೆ ಸ್ಕೆಲ್ಡ ನದಿಗೂ ರೈಲು ಹಳಿಗೂ ನಡುವೆ ಸಿಕ್ಕಿಕೊಂಡ ಹನ್ನೆರಡು ಮನೆ. ಹೋಗಲು ಬರಲು ಇರುವುದು ಒಂದೇ ರಸ್ತೆ, ಆ ರಸ್ತೆಯಲ್ಲೇ ರೇಸು ಎರಡು ಸಲ ಹಾಯುತ್ತದೆ. ಮೊದಲನೆಯ ಸಲಕ್ಕೂ ಎರಡನೆಯ ಸಲಕ್ಕೂ ನಡುವೆ ಒಂದು ಗಂಟೆ ಹತ್ತು ನಿಮಿಷ ಯಾರನ್ನೂ ಹೊರಗೆ ಬಿಡುವುದಿಲ್ಲ. ಅಲ್ಲಿ ಹೊಕ್ಕವನಿಗೆ ಆ ದಿನ ಮತ್ತೇನೂ ಕಾಣಲು ಸಿಗುವುದಿಲ್ಲ. ನಮ್ಮ ಬಾಲ ಹಿಡಿದು ಬರಲು ನೋಡುವವರಿಗೆ ನಾವು ಹಾಕುವ ಟೋಪಿ ಅದು.

ಈಗ ಮೌರಿಟ್ಸ್. ಪೊಪರಿಂಗ ಊರಿನ ಕಡೆಯವನು, ಅಣ್ಣ ಫಿರ್ಮಿನ್ ಜೊತೆ ಆಲೂಗಡ್ಡೆ ಬೆಳೆಯುತ್ತಾನೆ, ಇಬ್ಬರಿಗೂ ಮದುವೆಯಾಗಿಲ್ಲ. ಹನ್ನೊಂದು ವರ್ಷದ ಹಿಂದೆ ಕಾಪೆಲ್‌ಬೆರ್ಗ್‌ನ ನೆತ್ತಿಯ ಮೇಲಿರುವ ಪುಟ್ಟ ಪ್ರಾರ್ಥನಾ ಮಂದಿರದ ಗೋಡೆಗೆ ಒರಗಿ ನಾವು ನಿಂತಿದ್ದಾಗ ಪಕ್ಕದಲ್ಲಿ ಬಂದು ನಿಂತರು. ಮರುವರ್ಷವೂ ಅಲ್ಲೇ ನಿಂತರು. ನಮ್ಮಲ್ಲಿ ಒಮ್ಮೆ ಹಿಡಿದ ಜಾಗವನ್ನು ಯಾರೂ ಬದಲಾಯಿಸುವುದಿಲ್ಲ. ಎತಿಯೆನ್ ಇದ್ದಷ್ಟು ದಿನ ಅವನೂ ಮೌರಿಟ್ಸನೂ ಯಾವ ಸವಾರ ದಂಡ, ಯಾವನ ಕಾಲಲ್ಲಿ ಕಸುವಿದೆ ಅಂತ ಜಗಳ ಆಡುತ್ತಿದ್ದರು, ನಾನು ಫ್ಲಾಸ್ಕಿನಿಂದ ಬಟಾಣಿ ಸೂಪು ಬಗ್ಗಿಸಿ ಕೊಡುತ್ತಿದ್ದೆ. ಎತಿಯೆನ್ ತೀರಿಕೊಂಡ ಮೇಲಿನ ಮೊದಲ ರೇಸಿನಲ್ಲಿ ಮೌರಿಟ್ಸ್ ಸಂತಾಪ ಗಿಂತಾಪ ಅಂತ ಏನೂ ಹೇಳಲಿಲ್ಲ. ಎತಿಯೆನ್ ನಿಲ್ಲುತ್ತಿದ್ದ ಜಾಗವನ್ನು ಖಾಲಿ ಬಿಟ್ಟು ಒಂದು ಹೆಜ್ಜೆ ಆಚೆ ನಿಂತ, ಅಷ್ಟೇ. ಅದರ ಮುಂದಿನ ವರ್ಷ ನನ್ನ ಸೂಪಿಗೆ ಉಪ್ಪು ಕಮ್ಮಿ ಅಂದ. ಅದರಾಚೆ ವರ್ಷ ಮನೆಯಿಂದ ಉಪ್ಪಿನ ಡಬ್ಬಿ ತಂದ.

ಅವನ ಮನೆಹೆಸರು ನನಗೆ ಗೊತ್ತಿಲ್ಲ. ಫೋನ್ ನಂಬರು ಇಲ್ಲ. ಬೆಟ್ಟದ ಮೇಲಿನ ಪರಿಚಯಕ್ಕೆ ಅದೆಲ್ಲ ಯಾರೂ ಕೇಳುವುದಿಲ್ಲ, ಕೇಳಿದರೆ ಏನೋ ಆಸೆ ಇಟ್ಟುಕೊಂಡ ಹಾಗೆ ಕಾಣುತ್ತದೆ. ನಾವು ಹತ್ತಿ ಬಂದು ಉಸಿರು ಬಿಟ್ಟು ಇಪ್ಪತ್ತು ನಿಮಿಷ ಆಗುವಷ್ಟರಲ್ಲಿ ರೇಸನ್ನು ಟಿವಿಗೆ ತೋರಿಸುವ ಹೆಲಿಕಾಪ್ಟರಿನ ಸದ್ದು, ಆಮೇಲೆ ಪೊಲೀಸ್ ಮೋಟಾರು, ಆಮೇಲೆ ಸವಾರರು. ಮಾತು ಎಲ್ಲಿತ್ತೋ ಅಲ್ಲಿಗೇ ಕಡಿದುಹೋಗುತ್ತದೆ. ಕೊನೆಯ ಸವಾರ ದಾಟಿದ ಮೇಲೆ ನಾವೊಂದು ದಿಕ್ಕಿಗೆ, ಅವರೊಂದು ದಿಕ್ಕಿಗೆ ಓಟ. ಮುಂದಿನ ಫೆಬ್ರುವರಿ ತನಕ ಅಷ್ಟೇ. ಒಮ್ಮೆ ಕೂಡಿ ನೋಡಿದೆ. ಹನ್ನೊಂದು ರೇಸು, ಒಂದೊಂದರಲ್ಲಿ ಇಪ್ಪತ್ತು ನಿಮಿಷ. ಎಲ್ಲ ಸೇರಿಸಿದರೂ ನಾಲ್ಕು ಗಂಟೆ ತುಂಬಲಿಲ್ಲ. ಹಲ್ಲಿನ ಡಾಕ್ಟರ ಹತ್ತಿರ ಅದಕ್ಕಿಂತ ಹೆಚ್ಚು ಹೊತ್ತು ಕಳೆದಿದ್ದೇನೆ.

ಹೋದ ವರ್ಷ ಹೆಲಿಕಾಪ್ಟರಿನ ಸದ್ದು ಶುರುವಾಗಿತ್ತು. ಮೌರಿಟ್ಸ್ ಕುಡಿದ ಲೋಟವನ್ನು ತನ್ನ ಕರ್ಚೀಫಿನಲ್ಲಿ ಒರೆಸಿ ನನಗೆ ವಾಪಸ್ ಕೊಟ್ಟ. ಕೊಟ್ಟವನು ಕೈ ಬಿಡದೆ, ರಸ್ತೆಯ ಕಡೆ ನೋಡುತ್ತಲೇ ಕೇಳಿದ.

"ಒಡೆಟ್, ಇಲ್ಲಿಂದ ಮುಂದೆ ನೀವು ಎಲ್ಲಿಗೆ ಹೋಗ್ತೀರಿ?"

ಮೂವತ್ತು ವರ್ಷದ ಅಭ್ಯಾಸ. ತಲೆ ಯೋಚಿಸುವ ಮೊದಲೇ ಬಾಯಿ ಹೇಳಿಯಾಗಿತ್ತು: "ಮೇರ್ಸ್‌ಹೂಕ್‌ಗೆ."

ಅವನು ತಲೆಯಾಡಿಸಿದ. ಸವಾರರು ಬಂದರು, ಹೋದರು. ನಾನು ಕಾರಿಗೆ ಓಡಿದೆ. ಇಟ್ಟಿಗೆ ದಾರಿಯಲ್ಲಿ ಒಂಬತ್ತು ನಿಮಿಷ ಉಳಿಸಿದೆ, ಆರು ಸಲ ರೇಸು ನೋಡಿದೆ, ಗೆದ್ದವನ ಮುಖದ ಕೆಸರು ಕಾಣುವಷ್ಟು ಹತ್ತಿರ ನಿಂತಿದ್ದೆ. ಮನೆಗೆ ಬಂದು ಫ್ಲಾಸ್ಕು ತೊಳೆಯುತ್ತಿರುವಾಗ ಹೊಳೆಯಿತು. ಅವನು ಕೇಳಿದ್ದು ದಾರಿಯನ್ನಲ್ಲ. ಹನ್ನೊಂದು ವರ್ಷ ಪಕ್ಕದಲ್ಲಿ ನಿಂತವನಿಗೆ ನನ್ನ ದಾರಿ ಯಾಕೆ ಬೇಕು? ಇಪ್ಪತ್ತು ನಿಮಿಷ ಸಾಲದು ಅಂತ ಕೇಳಿದ್ದ. ನಾನು, ಹಾಳಾದವಳು, ಅವನನ್ನು ನದಿಗೂ ಹಳಿಗೂ ನಡುವೆ ಕಳಿಸಿ ಬಂದಿದ್ದೆ.

ಆಮೇಲಿನ ವರ್ಷ ಹೇಗೆ ಕಳೆಯಿತು ಅಂತ ನನಗೇ ಗೊತ್ತು. ಮಾರ್ಚಿನಲ್ಲಿ ಒಂದು ರೇಸನ್ನೂ ಬಿಡಲಿಲ್ಲ, ವಾರದ ನಡುವಿನ ಸಣ್ಣ ರೇಸುಗಳಿಗೂ ಹೋದೆ. ಆಲೂಗಡ್ಡೆಯವರು ಆಗ ಹೊಲ ಬಿಟ್ಟು ಅಲ್ಲಾಡುವುದಿಲ್ಲ ಅಂತ ಗೊತ್ತಿದ್ದೂ ಹೋದೆ. ಅವನು ಹಾಕುವಂಥ ನೀಲಿ ಟೋಪಿ ಕಂಡಲ್ಲೆಲ್ಲ ಕತ್ತು ಚಾಚಿದೆ. ಮನೆಯಲ್ಲಿ ಟಿವಿಯ ಮುಂದೆ ಕೂತು ಆ ಶನಿವಾರದ ರೇಸನ್ನು ಮತ್ತೆ ಮತ್ತೆ ಹಾಕಿ ನೋಡಿದೆ, ಸವಾರರನ್ನಲ್ಲ, ಅವರ ಹಿಂದೆ ನಿಂತ ಜನರನ್ನು. ಮೇರ್ಸ್‌ಹೂಕ್ ಬಂದಾಗ ಹೆಲಿಕಾಪ್ಟರು ಮೇಲಿನಿಂದ ತೋರಿಸಿತು. ನದಿಯ ಏರಿಯ ಮೇಲೆ ಎಳ್ಳು ಕಾಳಿನಷ್ಟು ನಾಲ್ಕೈದು ಮನುಷ್ಯರು. ಅದರಲ್ಲಿ ಒಬ್ಬ ಅವನಿರಬಹುದು ಅಂತ ನೋಡಿ ನೋಡಿ ಅತ್ತಿದ್ದೇನೆ. ಅರವತ್ಮೂರು ವರ್ಷದ ಹೆಂಗಸು, ಪರದೆ ಹೊಲಿದು ಕೊಡುವವಳು, ಎಳ್ಳು ಕಾಳಿಗಾಗಿ ಅತ್ತೆ. ನಾಚಿಕೆಯೇನೂ ಇಲ್ಲ ನನಗೆ.

ಈ ವರ್ಷ ನನಗಿದ್ದುದು ಒಂದೇ ಆಸೆ. ಬೆಟ್ಟ ಹತ್ತಬೇಕು, ಹೆಲಿಕಾಪ್ಟರು ಬರುವ ಮೊದಲು ಅವನಿಗೆ ನಿಜ ಹೇಳಬೇಕು. ಅವನು ಮುಖ ತಿರುಗಿಸಿದರೆ ತಿರುಗಿಸಲಿ. ಇನ್ನೂ ಒಂದು ವರ್ಷ ಆ ಸುಳ್ಳನ್ನು ಹೊತ್ತು ತಿರುಗುವುದು ನನ್ನ ಕೈಲಾಗುತ್ತಿರಲಿಲ್ಲ.

ವಿವೀನಾಗೆ ಏನೂ ಹೇಳಿರಲಿಲ್ಲ. ಎಷ್ಟಾದರೂ ಅವಳು ಎತಿಯೆನ್‌ನ ತಂಗಿ. ಆದರೆ ಕಾರು ಹತ್ತಿ ಬೆಲ್ಟು ಹಾಕಿಕೊಳ್ಳುವ ಮೊದಲೇ ನನ್ನ ಮುಖ ನೋಡಿದಳು.

"ಅತ್ತಿಗೆ, ಲಿಪ್‌ಸ್ಟಿಕ್ ಹಚ್ಚಿದ್ದೀಯ?"

"ಚಳಿಗೆ ತುಟಿ ಒಡೆದಿದೆ ಕಣೇ."

"ಇಷ್ಟು ಕೆಂಪಗೆ ಒಡೆದಿದ್ದು ನಾನು ನೋಡೇ ಇರಲಿಲ್ಲ."

ಆಮೇಲೆ ಅವಳು ಪೇಪರಿನಲ್ಲಿ ಬಂದಿದ್ದ ವೇಳಾಪಟ್ಟಿಯನ್ನು ತೊಡೆಯ ಮೇಲೆ ಹರಡಿಕೊಂಡು, ರೇಡಿಯೋ ಹಾಕಿ, ಐದು ಜನ ಗುಂಪು ಬಿಟ್ಟು ಮುಂದೆ ಹೋಗಿದ್ದಾರೆ, ಗಾಳಿ ಎದುರಿಗಿದೆ, ಆರು ನಿಮಿಷ ತಡವಾಗುತ್ತದೆ ಅಂತೆಲ್ಲ ಲೆಕ್ಕ ಹೇಳುತ್ತ ಬಂದಳು. ನಾನು ಹೂಂ ಅನ್ನುತ್ತಿದ್ದೆ. ಹೊಲಗಳಲ್ಲಿ ನೀರು ನಿಂತಿತ್ತು, ಗಾಳಿ ಕಾರನ್ನೇ ತಳ್ಳುತ್ತಿತ್ತು. ಬೇರೆ ವರ್ಷವಾಗಿದ್ದರೆ ಇಂಥ ಹವೆಗೆ ನಾನು ಕುಣಿಯುತ್ತಿದ್ದೆ, ಗಾಳಿ ಇದ್ದರೇ ರೇಸು ರಂಗೇರುವುದು.

ಕಲ್ಲುಹಾಸಿನ ಏರನ್ನು ಓಡೋಡುತ್ತ ಹತ್ತಿದೆ. ಗೋಡೆಯ ಹತ್ತಿರ ಫಿರ್ಮಿನ್ ಒಬ್ಬನೇ ನಿಂತಿದ್ದ, ಕೈಯಲ್ಲಿ ಸಾಸೇಜು ಇಟ್ಟ ಬನ್ನು. ಸತ್ತುಹೋದನೇ ಅಂತಲೇ ಮೊದಲು ಅನ್ನಿಸಿದ್ದು. ನಮ್ಮ ವಯಸ್ಸಿನಲ್ಲಿ ಯಾರಾದರೂ ತಮ್ಮ ಜಾಗಕ್ಕೆ ಬಂದಿಲ್ಲ ಅಂದರೆ ಹಾಗೇ ಅರ್ಥ. ಮೌರಿಟ್ಸ್ ಎಲ್ಲಿ ಅಂತ ಕೇಳಿದೆ.

"ಅವನಾ?" ಫಿರ್ಮಿನ್ ಬನ್ನು ಕಚ್ಚಿಕೊಂಡೇ ಹೇಳಿದ. "ಮೇರ್ಸ್‌ಹೂಕ್‌ನಲ್ಲಿ ಇಳಿಸಿ ಬಂದೆ, ಬೆಳಿಗ್ಗೇನೇ. ತಲೆ ಕೆಟ್ಟಿದೆ ಅವನಿಗೆ. ಹೋದ ವರ್ಷ ನನ್ನನ್ನೂ ಅಲ್ಲಿಗೇ ಎಳ್ಕೊಂಡು ಹೋಗಿ ರೇಸಿನ ಕೊನೆ ನೋಡೋಕೇ ಬಿಡಲಿಲ್ಲ."

ಯಾಕಂತೆ ಅಂತ ಕೇಳಿದೆ. ಯಾರಿಗೆ ಗೊತ್ತು, ಅಲ್ಲಿ ಯಾರೋ ಬರ್ತಾರೆ ಅಂದ, ಯಾರೂ ಬರಲಿಲ್ಲ, ಈ ವರ್ಷ ಮತ್ತೆ ಅದೇ ಹಾಡು, ಅಂದ ಫಿರ್ಮಿನ್. ಹೇಳುತ್ತ ಹೇಳುತ್ತ ನನ್ನ ಮುಖ ನೋಡಿ ಅಗಿಯುವುದನ್ನು ನಿಲ್ಲಿಸಿದ.

ದೂರದಲ್ಲಿ ಹೆಲಿಕಾಪ್ಟರಿನ ಸದ್ದು ಎದ್ದಿತು. ಎಲ್ಲರೂ ರಸ್ತೆಯ ಕಡೆ ನುಗ್ಗುತ್ತಿದ್ದರು, ನಾನು ಅವರ ಎದುರಿಗೆ ಮೊಣಕೈ ಒತ್ತಿಕೊಂಡು ಇಳಿದೆ. ಸವಾರರು ಬರುವ ನಾಲ್ಕು ನಿಮಿಷ ಮುಂಚೆ ಕಾಪೆಲ್‌ಬೆರ್ಗ್ ಇಳಿದು ಹೋದವರು ನನ್ನ ಹೊರತು ಯಾರೂ ಇರಲಾರರು. ಜನ ನನ್ನನ್ನು ಹುಚ್ಚಿಯ ಹಾಗೆ ನೋಡಿದರು. ವಿವೀನಾ ಹಿಂದಿನಿಂದ ಓಡಿ ಬಂದು ತೋಳು ಹಿಡಿದಳು.

"ಬರ್ತಾ ಇದ್ದಾರೆ ಅತ್ತಿಗೆ, ಸದ್ದು ಕೇಳಿಸ್ತಿಲ್ವಾ? ಎಲ್ಲಿಗೆ ಹೊರಟೆ?"

"ಮೇರ್ಸ್‌ಹೂಕ್‌ಗೆ."

"ನನ್ನ ಹತ್ರಾನೂ ಅದೇ ಸುಳ್ಳಾ?"

ಕಾರು ಹತ್ತಿಸಿ ಎಲ್ಲ ಹೇಳಿದೆ. ಗೇರು ಹಾಕುತ್ತ, ಕೆಸರಿನಲ್ಲಿ ಜಾರುತ್ತ, ಮೂಗು ಒರೆಸಿಕೊಳ್ಳುತ್ತ ಹೇಳಿದೆ. ಕರ್ಚೀಫು, ಲೋಟ, ಅವನು ಕೇಳಿದ್ದು, ನಾನಂದದ್ದು, ಎಳ್ಳು ಕಾಳು, ಒಂದನ್ನೂ ಬಿಡಲಿಲ್ಲ. ರೇಸಿಗಿಂತ ಮುಂಚೆ ಅಲ್ಲಿ ಖಾತ್ರಿಯಾಗಿ ಸೇರಲು ಇದ್ದದ್ದು ಎತಿಯೆನ್‌ನ ದಾರಿಯೊಂದೇ. ಇಟ್ಟಿಗೆ ಕಾರ್ಖಾನೆಯ ಹಿಂದೆ ತಿರುಗಿಸಿದೆ. ಗಂಡ ಕಂಡುಹಿಡಿದ ದಾರಿಯಲ್ಲಿ ಇನ್ನೊಬ್ಬನನ್ನು ಹುಡುಕಿಕೊಂಡು ಹೋಗುತ್ತಿದ್ದೆ. ಹಂದಿ ಕೊಟ್ಟಿಗೆ ದಾಟಿದೆವು.

"ಅಣ್ಣ ಇದ್ದಿದ್ರೆ ನಿನ್ನನ್ನ ಚೆನ್ನಾಗಿ ಬೈತಿದ್ದ," ಅಂದಳು ವಿವೀನಾ.

"ಗೊತ್ತು."

"ಏನು ಗೊತ್ತು ನಿಂಗೆ? ಅಷ್ಟು ಒಳ್ಳೆ ಮನುಷ್ಯನಿಗೆ ಮೇರ್ಸ್‌ಹೂಕ್ ಹೇಳಿದ್ದಕ್ಕೆ ಬೈತಿದ್ದ. ಗೇರು ಬದಲಾಯಿಸು, ಇಂಜಿನ್ ಅರಚ್ತಾ ಇದೆ."

ಮೇರ್ಸ್‌ಹೂಕ್ ರಸ್ತೆಯ ಬಾಯಲ್ಲಿ ತೋಳಿಗೆ ಪಟ್ಟಿ ಕಟ್ಟಿಕೊಂಡ ಮುದುಕನೊಬ್ಬ ಹಗ್ಗ ಎಳೆಯುತ್ತಿದ್ದ. ನಮ್ಮ ಕಾರಿನ ತುಂಬ ಅಂಟಿಸಿದ್ದ ಹಳೆಯ ರೇಸುಗಳ ಚೀಟಿ ನೋಡಿ, ಇವರು ಪಳಗಿದವರು, ದಾರಿ ತಪ್ಪಿ ಬಂದಿದ್ದಾರೆ ಅಂದುಕೊಂಡ. ಒಳಗೆ ಹೋದರೆ ಒಂದು ಗಂಟೆ ಹತ್ತು ನಿಮಿಷ ಹೊರಗೆ ಬರುವ ಹಾಗಿಲ್ಲ, ಈಗಲೇ ತಿರುಗಿಸಿಕೊಂಡು ಹೋಗಿ ಅಂತ ಪಾಪ ಕಳಕಳಿಯಿಂದ ಹೇಳಿದ. ಗೊತ್ತು ಅಂದೆ. ಗೊತ್ತಿದ್ದೂ ಹೋಗುತ್ತೀರಾ ಅಂದ. ಹಗ್ಗ ಎತ್ತಪ್ಪ, ನಿನ್ನ ಪುಣ್ಯ, ಅಂದಳು ವಿವೀನಾ.

ಮೇರ್ಸ್‌ಹೂಕ್‌ನಲ್ಲಿ ನೋಡಲು ಏನೂ ಇಲ್ಲ. ಒಂದು ಮನೆಯ ಮುಂದೆ ಯಾರೋ ಸಾಸೇಜು ಸುಡುತ್ತಿದ್ದರು, ಇನ್ನೊಂದು ಮನೆಯವರು ಕುರ್ಚಿ ಹಾಕಿಕೊಂಡು ಕಂಬಳಿ ಹೊದ್ದು ಕೂತಿದ್ದರು. ಮೌರಿಟ್ಸ್ ನದಿಯ ಏರಿಯ ಮೇಲೆ, ಕೈಗಳನ್ನು ಕೋಟಿನ ಜೇಬಿನಲ್ಲಿಟ್ಟು ನಿಂತಿದ್ದ. ಸವಾರರು ಬರುವ ದಿಕ್ಕಿಗೆ ಬೆನ್ನು ಹಾಕಿ, ಕಾರುಗಳು ಬರುವ ದಿಕ್ಕಿಗೆ ಮುಖ ಮಾಡಿ ನಿಂತಿದ್ದ. ಹತ್ತಿರ ಹೋದಾಗ ಕಂಡಿತು, ಗಾಳಿಗೆ ಅವನ ಕಿವಿ ಕೆಂಪಾಗಿ, ಮೂಗು ಸೋರುತ್ತಿತ್ತು. ಒಂದು ವರ್ಷದಲ್ಲಿ ಸ್ವಲ್ಪ ಇಳಿದುಹೋಗಿದ್ದ. ಇಂಥ ಮುಖಕ್ಕಾಗಿ ನಾನು ಇಷ್ಟು ಹಂಬಲಿಸಿದೆನೇ ಅಂತ ಒಂದು ಗಳಿಗೆ ಆಶ್ಚರ್ಯವಾಯಿತು. ಹೌದು, ಇದೇ ಮುಖಕ್ಕೇ ಹಂಬಲಿಸಿದ್ದೆ.

"ಬಂದಿರಾ," ಅಂದ.

ನಾನು ಉಸಿರು ತೆಗೆದುಕೊಳ್ಳದೆ ಹೇಳಿಬಿಟ್ಟೆ. ಹೋದ ವರ್ಷ ಸುಳ್ಳು ಹೇಳಿದೆ ಅಂದೆ. ನಾನು ಇಲ್ಲಿಗೆ ಜನ್ಮದಲ್ಲಿ ಬಂದವಳಲ್ಲ, ನಿಮಗೆ ಟೋಪಿ ಹಾಕಿದೆ, ನಿಮ್ಮ ರೇಸು ಹಾಳು ಮಾಡಿದೆ ಅಂದೆ. ಅಷ್ಟಕ್ಕೇ ಸಾಲದು ಅನ್ನಿಸಿತು. ಗುಟ್ಟು ಕಾಯಲು ಹೋಗಿ ಅವನನ್ನು ಕಳೆದುಕೊಂಡಿದ್ದೆ, ಆ ಗುಟ್ಟನ್ನೇ ಅವನ ಕೈಗೆ ಇಟ್ಟುಬಿಡಬೇಕು ಅನ್ನಿಸಿತು.

"ಬೆಟ್ಟ ಇಳಿದ ಕೂಡಲೇ ಎಡಕ್ಕೆ ಹಳೆ ಇಟ್ಟಿಗೆ ಕಾರ್ಖಾನೆ ಇದೆ. ಅದರ ಹಿಂದೆ..."

"ಬೇಡ," ಅಂದ ಮೌರಿಟ್ಸ್. "ಅದು ಎತಿಯೆನ್‌ದು. ಅದನ್ನ ನೀವೇ ಇಟ್ಕೊಳ್ಳಿ."

ಅವನು ಮೂಗು ಒರೆಸಿಕೊಂಡು ನದಿಯ ಕಡೆ ನೋಡಿದ. ಅಲ್ಲಿ ಮರಳು ತುಂಬಿದ ದೋಣಿಯೊಂದು ತನ್ನ ಪಾಡಿಗೆ ಹೋಗುತ್ತಿತ್ತು.

"ನೀವು ಸುಳ್ಳು ಹೇಳಿದ್ದು ನನಗೆ ಆಗಲೇ ಗೊತ್ತಾಯ್ತು ಒಡೆಟ್. ಮೇರ್ಸ್‌ಹೂಕ್ ಏನಂತ ಗೊತ್ತಿಲ್ಲದವನು ನಾನಾ? ಮೂವತ್ತು ವರ್ಷದಿಂದ ನಾನೂ ಜನಕ್ಕೆ ಅದನ್ನೇ ಹೇಳ್ಕೊಂಡು ಬಂದಿದ್ದೀನಿ."

"ಮತ್ತೆ ಯಾಕೆ ಬಂದ್ರಿ?"

"ಅಕಸ್ಮಾತ್ ನಿಜ ಆಗಿದ್ರೆ ಅಂತ."

"ಈ ವರ್ಷ?"

"ಈ ವರ್ಷಾನೂ ಅಷ್ಟೇ. ಬೆಟ್ಟಕ್ಕೆ ಬಂದ್ರೆ ನಿಮಗೆ ಮುಜುಗರ ಆಗುತ್ತೆ ಅನ್ನಿಸ್ತು. ಬೇಡ ಅನ್ನೋದನ್ನ ನೀವು ಹಾಗೆ ಹೇಳಿರಬಹುದು ಅಂದ್ಕೊಂಡೆ. ಆದರೆ ಇಲ್ಲಿ ನಿಂತ್ರೆ ಯಾರಿಗೂ ತೊಂದರೆ ಇಲ್ವಲ್ಲ."

ಆಗ ರೇಸು ಬಂತು. ಮೋಟಾರುಗಳು, ಮುಂದೆ ಓಡಿದ ಐದು ಜನ, ಅವರ ಹಿಂದೆ ಇಡೀ ಗುಂಪು, ಕಿವಿಯ ಪಕ್ಕದಲ್ಲಿ ಚೈನುಗಳ ಸದ್ದು. ಎಲ್ಲರದೂ ಹೊಸ ವರ್ಷದ ಹೊಸ ಅಂಗಿ, ಯಾರು ಯಾರೆಂದು ನನಗೆ ಒಬ್ಬನೂ ತಿಳಿಯಲಿಲ್ಲ. ಗುಂಪಿನ ಹಿಂದೆ ತಂಡದ ಕಾರುಗಳು, ಅವುಗಳ ಹಿಂದೆ ಬಿದ್ದು ಮೊಣಕಾಲು ಒಡೆದುಕೊಂಡ ಒಬ್ಬ. ಕೊನೆಯ ಸವಾರ ದಾಟಿದ. ನನ್ನ ಕಾಲುಗಳು ಅಭ್ಯಾಸ ಬಲದಿಂದ ತಾವಾಗಿಯೇ ಕಾರಿನ ಕಡೆ ತಿರುಗಿದವು. ಮೌರಿಟ್ಸನ ಕಾಲುಗಳೂ ತಿರುಗಿದವು. ಇಬ್ಬರೂ ಎರಡೆರಡು ಹೆಜ್ಜೆ ಓಡಿ ನಿಂತೆವು. ರಸ್ತೆಯ ಬಾಯಲ್ಲಿ ಮುದುಕ ಹಗ್ಗ ಕಟ್ಟಿ, ಸ್ಟೂಲು ಹಾಕಿಕೊಂಡು ಕೂತಾಗಿತ್ತು. ವಿವೀನಾ ಸಾಸೇಜಿನವರ ಜೊತೆ ಮಾತಿಗೆ ಬಿದ್ದಿದ್ದಳು, ಬೇಕಂತಲೇ ನಮ್ಮ ಕಡೆ ಬೆನ್ನು ಹಾಕಿದ್ದಳು.

ಹನ್ನೊಂದು ವರ್ಷದಲ್ಲಿ ಮೊದಲ ಸಲ ಸವಾರರು ಹೋದಮೇಲೂ ಅವನು ನನ್ನ ಎದುರಿಗೇ ಇದ್ದ. ಹೇಳಬೇಕೆಂದು ವರ್ಷವಿಡೀ ಕೂಡಿಟ್ಟ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಬಂದದ್ದು ಅಳು. ಬೇಗ ಬೇಗ ಕಣ್ಣು ಒರೆಸಿಕೊಂಡು ಏನಾದರೂ ಹೇಳಲು ಒದ್ದಾಡಿದೆ. ಯಾವಾಗಲೂ ಹಾಗೇ ಅಲ್ಲವೇ ನಾವು ಮಾತಾಡಿದ್ದು, ಗಂಟಲಿಗೆ ಯಾರೋ ಗಡಿಯಾರ ಕಟ್ಟಿದ ಹಾಗೆ.

"ನಿಧಾನವಾಗಿ ಅಳಿ," ಅಂದ ಮೌರಿಟ್ಸ್. "ಆಮೇಲೆ ಮಾತಾಡೋಣ. ಒಂದು ಗಂಟೆ ಹತ್ತು ನಿಮಿಷ ಇದೆ."

ನಾನು ಅವಸರವಿಲ್ಲದೆ ಅತ್ತೆ.